ಚಾರ್ಮತ್‌ನ ಪಳೆಯುಳಿಕೆ ನಡಿಗೆ ಮತ್ತು ಲೈಮ್ ರೀಜಿಸ್‌ನ ಅಂಗಡಿಗಳು: ಹವ್ಯಾಸಿಗಳಿಗೊಂದು ಪರಿಚಯ

ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಬಂದು ಪಳೆಯುಳಿಕೆ ಹುಡುಕುವ ಹವ್ಯಾಸವನ್ನು ಹೊಸದಾಗಿ ಹಿಡಿಯಬೇಕೆಂದಿರುವವರು ಮೊದಲ ಹಣವನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ಕೇಳಿದರೆ, ಡಾರ್ಸೆಟ್ ಜಿಲ್ಲೆಯ ಚಾರ್ಮತ್ ಎಂಬ ಹಳ್ಳಿಯಲ್ಲಿರುವ ಚಾರ್ಮತ್ ಹೆರಿಟೇಜ್ ಕೋಸ್ಟ್ ಸೆಂಟರ್ ನಡೆಸುವ ಪಳೆಯುಳಿಕೆ ನಡಿಗೆಗೆ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಸುತ್ತಿಗೆ, ಉಳಿ, ಭೂತಗನ್ನಡಿ ಎಲ್ಲವೂ ಆಮೇಲೆ ಕೊಳ್ಳಬಹುದಾದ ವಸ್ತುಗಳು. ಅಂಗಡಿಯ ಗಾಜಿನ ಕಪಾಟಿನಲ್ಲಿರುವ ದೊಡ್ಡ ಅಮ್ಮೊನೈಟ್ (ಸುರುಳಿ ಚಿಪ್ಪಿನ, ಈಗ ಅಳಿದುಹೋಗಿರುವ ಕಡಲಜೀವಿಯ ಪಳೆಯುಳಿಕೆ) ಅದಕ್ಕೂ ಆಮೇಲಿನದು. ಈ ಬರಹದಲ್ಲಿ ಆ ನಡಿಗೆಯನ್ನೂ, ಅಲ್ಲಿಂದ ಸುಮಾರು ಮೂರು ಕಿಲೋಮೀಟರ್ ಪಶ್ಚಿಮಕ್ಕಿರುವ ಲೈಮ್ ರೀಜಿಸ್ ಪಟ್ಟಣದ ಪಳೆಯುಳಿಕೆ ಅಂಗಡಿಗಳನ್ನೂ ಒಬ್ಬ ಹವ್ಯಾಸಿ ಸಂಗ್ರಾಹಕನಾಗಿ ತೂಗಿ ನೋಡಿದ್ದೇನೆ. ನನ್ನ ಅಳತೆಗೋಲು ಒಂದೇ: ಕಲ್ಲಿನ ಜೊತೆಗೆ ಕೊಳ್ಳುವವರಿಗೆ ಅಥವಾ ಹುಡುಕುವವರಿಗೆ ಎಷ್ಟು ಮಾಹಿತಿ ಸಿಗುತ್ತದೆ ಎಂಬುದು.

ಎಕ್ಸ್‌ಮತ್‌ನಿಂದ ಸ್ಟಡ್‌ಲ್ಯಾಂಡ್‌ವರೆಗೆ ಸುಮಾರು 150 ಕಿಲೋಮೀಟರ್ ಉದ್ದ ಚಾಚಿಕೊಂಡಿರುವ ಜುರಾಸಿಕ್ ಕರಾವಳಿಯನ್ನು ಯುನೆಸ್ಕೋ 2001ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಟ್ರಯಾಸಿಕ್, ಜುರಾಸಿಕ್, ಕ್ರಿಟೇಶಿಯಸ್ ಎಂಬ ಮೂರು ಯುಗಗಳ ಸುಮಾರು 18.5 ಕೋಟಿ ವರ್ಷಗಳ ಚರಿತ್ರೆ ಇಲ್ಲಿನ ಬಂಡೆಗಳಲ್ಲಿ ಪದರಪದರವಾಗಿ ತೆರೆದುಕೊಂಡಿದೆ. ಚಾರ್ಮತ್‌ನ ಪಾಲಿಗೆ ಬಂದಿರುವುದು ಆರಂಭಿಕ ಜುರಾಸಿಕ್ ಕಾಲದ, ಅಂದರೆ ಹೆಚ್ಚುಕಡಿಮೆ 19 ಕೋಟಿ ವರ್ಷಗಳಿಗೂ ಹಿಂದಿನ, ಸಮುದ್ರತಳದ ಕಪ್ಪು ಜೇಡಿ ಮತ್ತು ಸುಣ್ಣಕಲ್ಲು. ಹಳ್ಳಿಯ ಪಶ್ಚಿಮಕ್ಕೆ ಬ್ಲ್ಯಾಕ್ ವೆನ್ ಎಂಬ ಕಡಿದಾದ ಕರಿಗುಡ್ಡವಿದೆ, ಪೂರ್ವಕ್ಕೆ ಸ್ಟೋನ್‌ಬ್ಯಾರೋ ಇದೆ, ನಡುವೆ ಚಾರ್ ಎಂಬ ಪುಟ್ಟ ನದಿ ಸಮುದ್ರ ಸೇರುತ್ತದೆ. ಚಳಿಗಾಲದ ಮಳೆಗೆ ಈ ಗುಡ್ಡಗಳು ನೆನೆದು ಕುಸಿಯುತ್ತವೆ, ಕುಸಿದ ಕೆಸರನ್ನು ಅಲೆಗಳು ತೊಳೆಯುತ್ತವೆ, ಒಳಗಿದ್ದ ಪಳೆಯುಳಿಕೆಗಳು ದಡದ ಗೊರಜುಗಲ್ಲುಗಳ ನಡುವೆ ಬಂದು ಬೀಳುತ್ತವೆ. ಯಾರೂ ಎತ್ತಿಕೊಳ್ಳದಿದ್ದರೆ ಅದೇ ಅಲೆಗಳು ಅವನ್ನು ಸವೆಸಿ ಮರಳಾಗಿಸುತ್ತವೆ. ವಿಶ್ವ ಪರಂಪರೆಯ ತಾಣವೊಂದರಲ್ಲಿ ಸಾಮಾನ್ಯ ಜನರು ಪಳೆಯುಳಿಕೆಗಳನ್ನು ಆಯ್ದುಕೊಂಡು ಮನೆಗೆ ಒಯ್ಯಲು ಅವಕಾಶ ಇರುವುದು ಈ ಕಾರಣಕ್ಕಾಗಿ. ಇದನ್ನು ಅರಿಯದೆ ಬರುವವರು ಇಲ್ಲಿನ ವ್ಯವಸ್ಥೆಯನ್ನು ನೋಡಿ ಬೆರಗಾಗುವುದುಂಟು.

ಸೆಂಟರ್ ಇರುವುದು ಸಮುದ್ರದ ಅಂಚಿನಲ್ಲೇ, ಹಿಂದೆ ಸಿಮೆಂಟ್ ಕಾರ್ಖಾನೆಯಾಗಿದ್ದ ಕಲ್ಲಿನ ಕಟ್ಟಡವೊಂದರಲ್ಲಿ. 1985ರಲ್ಲಿ ಆರಂಭವಾದ ಇದು ದತ್ತಿ ಸಂಸ್ಥೆ. ಒಳಗೆ ಹೋಗಿ ನೋಡಲು ಶುಲ್ಕವಿಲ್ಲ. ನಡಿಗೆಗೆ ಮಾತ್ರ ಹಣ ಕೊಟ್ಟು ಮುಂಗಡವಾಗಿ ಜಾಗ ಕಾಯ್ದಿರಿಸಬೇಕು. ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ರೈಲಿನಲ್ಲಿ ಆಕ್ಸ್‌ಮಿನ್‌ಸ್ಟರ್‌ವರೆಗೆ ಬಂದು, ಅಲ್ಲಿಂದ ಬಸ್ ಹಿಡಿಯಬಹುದು.

ನಡಿಗೆಯ ಸಮಯವನ್ನು ಸಮುದ್ರದ ಇಳಿತಕ್ಕೆ ಹೊಂದಿಸಿ ನಿಗದಿ ಮಾಡುತ್ತಾರೆ. ಆರಂಭದಲ್ಲಿ ಒಳಗೆ ಕೂರಿಸಿ ಒಂದು ಚಿಕ್ಕ ಪಾಠ ನಡೆಯುತ್ತದೆ. ಏನೇನು ಸಿಗಬಹುದು, ಅವು ಒದ್ದೆಯಾಗಿದ್ದಾಗ ಹೇಗೆ ಕಾಣುತ್ತವೆ, ಯಾವುದನ್ನು ನೋಡಿ ಮೋಸಹೋಗಬಾರದು ಎಂಬುದನ್ನು ನಿಜವಾದ ಮಾದರಿಗಳನ್ನು ಕೈಗೆ ಕೊಟ್ಟು ವಿವರಿಸುತ್ತಾರೆ. ಬಂದೂಕಿನ ಗುಂಡಿನಂತಿರುವ ಬೆಲೆಮ್ನೈಟ್ ಬಹುತೇಕ ಎಲ್ಲರಿಗೂ ಸಿಗುವ ಪಳೆಯುಳಿಕೆ. ಅದು ಸ್ಕ್ವಿಡ್ ಜಾತಿಗೆ ಹತ್ತಿರದ ಪ್ರಾಣಿಯೊಂದರ ದೇಹದೊಳಗಿದ್ದ ಗಟ್ಟಿ ಭಾಗ. ಪೆಂಟಕ್ರಿನೈಟೀಸ್ ಎಂಬ ಕಡಲ ಲಿಲಿಯ (ಹೂಗಿಡದಂತೆ ಕಾಣುವ ಕಡಲ ಪ್ರಾಣಿ) ಕಾಂಡದ ತುಣುಕುಗಳು ಐದು ಮೂಲೆಯ ನಕ್ಷತ್ರದಂತಿರುತ್ತವೆ, ಉಗುರಿಗಿಂತ ಸಣ್ಣವು. ಅಮ್ಮೊನೈಟ್‌ಗಳಲ್ಲಿ ಪ್ರೊಮೈಕ್ರೊಸೆರಾಸ್, ಆರ್ನಿಯೊಸೆರಾಸ್, ಎಕಿಯೊಸೆರಾಸ್ ಹೀಗೆ ಹಲವು ಬಗೆಗಳಿವೆ. ಅವುಗಳ ಏಣುಗಳ ಅಂತರ ಮತ್ತು ಸುರುಳಿಯ ಬಿಗಿಯನ್ನು ನೋಡಿ ಯಾವ ಪದರದಿಂದ ಬಿದ್ದವೆಂದು ಹೇಳಬಹುದು, ಏಕೆಂದರೆ ಅಮ್ಮೊನೈಟ್ ಪ್ರಭೇದಗಳು ಬೇಗಬೇಗನೆ ಬದಲಾಗುತ್ತ ಹೋದವು. ಭೂವಿಜ್ಞಾನಿಗಳು ಜುರಾಸಿಕ್ ಪದರಗಳನ್ನು ವಿಂಗಡಿಸಿರುವುದೇ ಅವುಗಳ ಆಧಾರದ ಮೇಲೆ. ಹೊಸಬರಿಗೆ ಈ ವಿಷಯವನ್ನು ಇಷ್ಟು ಸರಳವಾಗಿ ಮನಗಾಣಿಸುವುದು ಸುಲಭವಲ್ಲ, ಮತ್ತು ಈ ಪಾಠಕ್ಕಾಗಿಯೇ ನಡಿಗೆಗೆ ಕೊಟ್ಟ ಹಣ ಸಾರ್ಥಕವೆಂದು ನನಗೆ ಅನ್ನಿಸಿತು.

ದಡಕ್ಕಿಳಿದ ಮೇಲೆ ನಮ್ಮ ಮಾರ್ಗದರ್ಶಿ ಎಲ್ಲರನ್ನೂ ನಿಲ್ಲಿಸಿ ಹೇಳಿದ ಮೊದಲ ಮಾತು ಗುಡ್ಡದ ಬುಡಕ್ಕೆ ಹೋಗಬೇಡಿ ಎಂಬುದು. ಗುಡ್ಡದಿಂದ ಯಾವ ಸೂಚನೆಯೂ ಇಲ್ಲದೆ ಕಲ್ಲು ಉರುಳುತ್ತದೆ, ಕೆಸರಿನ ಹರಿವಿನಲ್ಲಿ ಕಾಲು ಹೂತರೆ ಬಿಡಿಸಿಕೊಳ್ಳುವುದು ಕಷ್ಟ, ಉಬ್ಬರ ಏರಿದಾಗ ಚಾರ್ಮತ್‌ಗೂ ಲೈಮ್ ರೀಜಿಸ್‌ಗೂ ನಡುವಿನ ದಡದಲ್ಲಿ ಸಿಕ್ಕಿಹಾಕಿಕೊಂಡರೆ ಹಿಂದೆಮುಂದೆ ಹೋಗಲು ದಾರಿಯಿರುವುದಿಲ್ಲ. 2008ರ ಮೇ ತಿಂಗಳಿನಲ್ಲಿ ಈ ಎರಡು ಊರುಗಳ ನಡುವೆಯೇ ಭಾರಿ ಭೂಕುಸಿತವಾಯಿತು. ಅದಾದ ಮೇಲೆ ಪಟ್ಟಣದ ಹಳೆಯ ಕಸದ ತಿಪ್ಪೆಯ ಗಾಜು, ತಗಡು, ತಂತಿಗಳೂ ದಡಕ್ಕೆ ಬಂದು ಬೀಳುತ್ತಿರುವುದರಿಂದ ಮಕ್ಕಳ ಕೈಗೆ ಗವಸು ಹಾಕಿಸುವುದು ಒಳ್ಳೆಯದು. ಕಲ್ಲು ಒಡೆಯುವುದಾದರೆ ಭೂವಿಜ್ಞಾನಿಗಳು ಬಳಸುವ ಸುತ್ತಿಗೆಯೇ ಬೇಕು, ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲೇಬೇಕು. ಬಡಗಿಯ ಸುತ್ತಿಗೆಯ ಉಕ್ಕು ಚೂರಾಗಿ ಸಿಡಿಯುತ್ತದೆ. ಹೊಸಬರಿಗೆ ಸುತ್ತಿಗೆಯ ಅಗತ್ಯವೇ ಇಲ್ಲವೆಂದು ಮಾರ್ಗದರ್ಶಿ ಸ್ಪಷ್ಟವಾಗಿ ಹೇಳಿದರು, ಮತ್ತು ಅದು ನಿಜ.

ಹುಡುಕುವ ಕ್ರಮವನ್ನು ಅವರು ಕಲಿಸಿದ ರೀತಿ ನನಗೆ ಬಹಳ ಹಿಡಿಸಿತು. ಪೈರೈಟ್ ಖನಿಜ ತುಂಬಿಕೊಂಡ ಅಮ್ಮೊನೈಟ್‌ಗಳು ಸುತ್ತಲಿನ ಕಲ್ಲುಗಳಿಗಿಂತ ಭಾರವಾದ್ದರಿಂದ ಅಲೆಗಳು ಅವನ್ನು ದಡದ ಮೇಲ್ಭಾಗಕ್ಕೆ ಒಯ್ಯಲಾರವು. ಇಳಿತದಲ್ಲಿ ನೀರಿನ ಅಂಚಿನ ಬಳಿ, ದೊಡ್ಡ ಕಲ್ಲುಗಳ ಮರೆಯಲ್ಲಿ, ಕಂದುಬಂಗಾರದ ಬಣ್ಣದ ಸಣ್ಣ ಜಲ್ಲಿ ಒತ್ತೊತ್ತಾಗಿ ನಿಂತ ಜಾಗಗಳಿರುತ್ತವೆ. ಅಲ್ಲಿ ಮಂಡಿಯೂರಿ ಕುಳಿತು, ಕಲ್ಲುಗಳನ್ನು ಕೆದಕದೆ, ಒಂದೇ ಚೌಕದಷ್ಟು ಜಾಗವನ್ನು ಕಣ್ಣಿನಿಂದ ನಿಧಾನವಾಗಿ ಗುಡಿಸಬೇಕು. ಪ್ರಕೃತಿಯಲ್ಲಿ ಒಡೆದ ಕಲ್ಲಿಗೆ ಕ್ರಮವಿಲ್ಲ. ಸಮ ಅಂತರದ ಏಣು, ಸುರುಳಿ, ಐದು ಮೂಲೆ ಕಂಡಲ್ಲಿ ಕೈ ಇಡಬೇಕು. ಸಿಕ್ಕಿದ್ದನ್ನೆಲ್ಲ ಮಾರ್ಗದರ್ಶಿಯ ಬಳಿ ಒಯ್ದರೆ ಅವರು ಹೆಸರು ಹೇಳಿ, ಯಾವ ಪದರದ್ದೆಂದು ತಿಳಿಸಿ, ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ ಎಂದು ಒತ್ತಾಯಿಸುತ್ತಾರೆ. ನಡಿಗೆ ಸುಮಾರು ಎರಡು ಗಂಟೆಗಳದ್ದು. ನನಗೆ ಸಿಕ್ಕಿದ್ದು ಎರಡು ಪುಟ್ಟ ಅಮ್ಮೊನೈಟ್ ಮತ್ತು ಬೆಲೆಮ್ನೈಟ್ ತುಂಡುಗಳು ಮಾತ್ರ. ಆದರೆ ಆಮೇಲೆ ಒಬ್ಬನೇ ಅದೇ ದಡಕ್ಕೆ ಹೋದಾಗಲೆಲ್ಲ ಕಣ್ಣು ಬೇರೆಯೇ ರೀತಿ ಕೆಲಸ ಮಾಡಿದೆ.

ಸೆಂಟರ್‌ನ ಇನ್ನೊಂದು ಕೆಲಸವನ್ನು ಪ್ರವಾಸಿಗರು ಹೆಚ್ಚಾಗಿ ಗಮನಿಸುವುದಿಲ್ಲ, ನನ್ನ ಮಟ್ಟಿಗೆ ಅದೇ ಇಡೀ ವ್ಯವಸ್ಥೆಯ ಹೃದಯ. ಪಶ್ಚಿಮ ಡಾರ್ಸೆಟ್‌ನ ಈ ಭಾಗಕ್ಕೆ ಪಳೆಯುಳಿಕೆ ಸಂಗ್ರಹದ ನಿಯಮಾವಳಿಯೊಂದಿದೆ. ಭೂಮಾಲೀಕರು, ವಿಜ್ಞಾನಿಗಳು, ಸಂಗ್ರಾಹಕರು ಕೂಡಿ ಒಪ್ಪಿಕೊಂಡಿರುವ ಈ ನಿಯಮಾವಳಿಯ ಪ್ರಕಾರ ಅನುಮತಿಯಿಲ್ಲದೆ ಗುಡ್ಡವನ್ನು ಅಗೆಯುವಂತಿಲ್ಲ, ಕಳಚಿ ಬಿದ್ದದ್ದನ್ನು ಆಯ್ದುಕೊಳ್ಳಬಹುದು. ಹೊಸ ಪ್ರಭೇದವೋ, ಅಪರೂಪದ ಅಸ್ಥಿಯೋ, ವಿಜ್ಞಾನಕ್ಕೆ ಮಹತ್ವದ್ದಾದ ಯಾವುದೋ ಸಿಕ್ಕರೆ ಅದನ್ನು ಸೆಂಟರ್‌ನಲ್ಲಿ ದಾಖಲಿಸಬೇಕು. ಮಾದರಿ ಸಿಕ್ಕವರ ಬಳಿಯೇ ಉಳಿಯುತ್ತದೆ. ಮಾರುವುದಾದರೆ ಮೊದಲು ವಸ್ತುಸಂಗ್ರಹಾಲಯಗಳಿಗೆ ಕೊಳ್ಳುವ ಅವಕಾಶ ಕೊಡಬೇಕು. ಏನು ಸಿಕ್ಕಿತು, ಎಲ್ಲಿ ಸಿಕ್ಕಿತು, ಯಾರಿಗೆ ಸಿಕ್ಕಿತು ಎಂಬ ವಿವರಗಳು ಹೀಗೆ ಉಳಿಯುತ್ತವೆ.

ಯಾರಿಗೆ ಸಿಕ್ಕಿತು ಎಂಬ ಆ ಕೊನೆಯ ವಿವರಕ್ಕೆ ಈ ಊರಿನಲ್ಲಿ ವಿಶೇಷವಾದ ತೂಕವಿದೆ. ಲೈಮ್ ರೀಜಿಸ್‌ನ ಬಡಗಿಯೊಬ್ಬರ ಮಗಳಾಗಿ 1799ರಲ್ಲಿ ಹುಟ್ಟಿದ ಮೇರಿ ಆ್ಯನಿಂಗ್ ಇದೇ ದಡಗಳಲ್ಲಿ ಪಳೆಯುಳಿಕೆ ಹುಡುಕಿ ಮಾರಿ ಬದುಕಿದವರು. ತಂದೆ 1810ರಲ್ಲಿ ತೀರಿಹೋದ ಮೇಲೆ ಕುಟುಂಬಕ್ಕೆ ಆಧಾರವಾದದ್ದು ಈ ಕಲ್ಲುಗಳೇ. 1811ರಲ್ಲಿ ಅಣ್ಣ ಜೋಸೆಫ್‌ಗೆ ಇಕ್ತಿಯೋಸಾರ್ ಎಂಬ ಪ್ರಾಚೀನ ಕಡಲ ಸರೀಸೃಪದ ತಲೆಬುರುಡೆ ಸಿಕ್ಕಿತು, ಉಳಿದ ಅಸ್ಥಿಪಂಜರವನ್ನು ಮೇರಿ ಪತ್ತೆಹಚ್ಚಿದರು. 1823ರಲ್ಲಿ ಅವರು ಹೊರತೆಗೆದ ಪ್ಲೀಸಿಯೋಸಾರ್ ಎಂಬ ಇನ್ನೊಂದು ಕಡಲ ಸರೀಸೃಪದ ಅಸ್ಥಿಪಂಜರವನ್ನು ಮರುವರ್ಷ ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿಯಲ್ಲಿ ಭೂವಿಜ್ಞಾನಿ ಕಾನಿಬೇರ್ ಅವರು ವಿವರಿಸಿದಾಗ ಮೇರಿಯ ಹೆಸರನ್ನು ಎತ್ತಲಿಲ್ಲ. ಆ ಸೊಸೈಟಿ ಮಹಿಳೆಯರನ್ನು ಸದಸ್ಯರಾಗಿ ಸೇರಿಸಿಕೊಂಡದ್ದು 1919ರಲ್ಲಿ. ಅಷ್ಟು ಹೊತ್ತಿಗೆ ಮೇರಿ ತೀರಿಹೋಗಿ ಎಪ್ಪತ್ತು ವರ್ಷಗಳಿಗೂ ಹೆಚ್ಚಾಗಿತ್ತು. ಅವರು ಹುಟ್ಟಿದ ಮನೆಯಿದ್ದ ಜಾಗದಲ್ಲೇ ಈಗ ಲೈಮ್ ರೀಜಿಸ್ ಮ್ಯೂಸಿಯಂ ನಿಂತಿದೆ. 2022ರಲ್ಲಿ ಅವರ ಕಂಚಿನ ಪ್ರತಿಮೆಯೂ ಊರಿನಲ್ಲಿ ಸ್ಥಾಪನೆಯಾಯಿತು. ಇಂದು ಹವ್ಯಾಸಿಯೊಬ್ಬರು ಚಾರ್ಮತ್‌ನಲ್ಲಿ ಪುಟ್ಟ ಮೂಳೆಯೊಂದನ್ನು ದಾಖಲಿಸಿದರೂ ಅವರ ಹೆಸರು ಅದರೊಂದಿಗೆ ಉಳಿಯುತ್ತದೆ ಎಂಬುದನ್ನು ನಾನು ಸಣ್ಣ ಸಂಗತಿಯೆಂದು ಎಣಿಸುವುದಿಲ್ಲ.

ಹವ್ಯಾಸಿಗಳಿಂದ ವಿಜ್ಞಾನಕ್ಕೆ ಎಷ್ಟು ಲಾಭವಾಗಬಹುದು ಎಂಬುದಕ್ಕೆ ಇದೇ ಕರಾವಳಿಯ ಕಿಮ್ಮರಿಡ್ಜ್ ಒಳ್ಳೆಯ ನಿದರ್ಶನ. ಕೊಳಾಯಿ ಕೆಲಸ ಮಾಡುತ್ತಿದ್ದ ಸ್ಟೀವ್ ಎಚಸ್ ದಶಕಗಳ ಕಾಲ ಹುಡುಕಿ, ಸ್ವಚ್ಛಗೊಳಿಸಿ, ದಾಖಲಿಸಿಟ್ಟ ಎರಡು ಸಾವಿರಕ್ಕೂ ಹೆಚ್ಚು ಮಾದರಿಗಳಿಗಾಗಿ ಅಲ್ಲಿ 2016ರಲ್ಲಿ ಒಂದು ವಸ್ತುಸಂಗ್ರಹಾಲಯವೇ ತೆರೆಯಿತು. ಸಮಯವಿದ್ದವರು ಅಲ್ಲಿಗೂ ಹೋಗಿಬರಬೇಕು.

ಇನ್ನು ಲೈಮ್ ರೀಜಿಸ್‌ನ ಅಂಗಡಿಗಳ ವಿಚಾರ. ಪುಟ್ಟ ಪಟ್ಟಣವಾದರೂ ಇಲ್ಲಿ ಪಳೆಯುಳಿಕೆ ಮಾರುವ ಅಂಗಡಿಗಳು ಹಲವಿವೆ, ಬೆಲೆಗಳು ಕೆಲವೇ ಪೌಂಡ್‌ಗಳಿಂದ ಆರಂಭವಾಗಿ ನೂರಾರು ಪೌಂಡ್‌ಗಳನ್ನು ದಾಟುತ್ತವೆ. ಬೆಲೆ ಏರುವುದಕ್ಕೆ ಮುಖ್ಯ ಕಾರಣ ಶ್ರಮ. ಸುಣ್ಣಕಲ್ಲಿನ ಉಂಡೆಯೊಳಗಿರುವ ಆಸ್ಟರೋಸೆರಾಸ್ ಅಮ್ಮೊನೈಟ್ ಒಂದನ್ನು ಹೊರತೆಗೆಯಲು ಗಾಳಿಯ ಒತ್ತಡದಿಂದ ನಡೆಯುವ ಸಣ್ಣ ಚಾಣವನ್ನು ಹಿಡಿದು, ಸೂಕ್ಷ್ಮದರ್ಶಕದ ಕೆಳಗೆ, ಏಣುಗಳಿಗೆ ಪೆಟ್ಟಾಗದಂತೆ ದಿನಗಟ್ಟಲೆ ಕೆಲಸ ಮಾಡಬೇಕಾಗುತ್ತದೆ. ಒಳ್ಳೆಯ ಕೆಲಸಗಾರರ ಕೈಯಲ್ಲಿ ಹೊರಬಂದ ಮಾದರಿಗೆ ಕೇಳುವ ಬೆಲೆ ದುಬಾರಿಯೆಂದು ನನಗೆ ಎಂದೂ ಅನ್ನಿಸಿಲ್ಲ.

ನಾನು ಮತ್ತೆ ಮತ್ತೆ ಹೋಗುವ ಅಂಗಡಿಯೊಂದಿದೆ. ಅಲ್ಲಿ ಪ್ರತಿ ಮಾದರಿಯ ಬಳಿ ಪ್ರಭೇದದ ಹೆಸರು, ಸಿಕ್ಕ ದಡ, ಶಿಲಾಪದರ, ಅಂದಾಜು ವಯಸ್ಸು ಇಷ್ಟನ್ನೂ ಬರೆದ ಚೀಟಿ ಇರುತ್ತದೆ. ಅಮ್ಮೊನೈಟ್‌ನ ಒಳಸುರುಳಿಯನ್ನು ರಾಳದಿಂದ ತುಂಬಿ ಸರಿಪಡಿಸಿದ್ದರೆ ಅದನ್ನೂ ಚೀಟಿಯಲ್ಲೇ ಹೇಳಿರುತ್ತಾರೆ. ಕೊಳ್ಳುವ ಮೊದಲು ಭೂತಗನ್ನಡಿ ಕೇಳಿದರೆ ಮುಖ ಸಿಂಡರಿಸದೆ ಕೊಡುತ್ತಾರೆ. ಸರಿಪಡಿಸಿದ ಗೆರೆ ಎಲ್ಲಿ ಹಾದುಹೋಗುತ್ತದೆಂದು ತಾವೇ ತೋರಿಸುತ್ತಾರೆ. ಇಂಥ ಕಡೆ ಕೊಂಡ ಸಾಧಾರಣ ಮಾದರಿಯನ್ನು ಮುಂದೆ ಬೇರೆ ಸಂಗ್ರಾಹಕರೊಂದಿಗೆ ಧೈರ್ಯವಾಗಿ ವಿನಿಮಯ ಮಾಡಿಕೊಳ್ಳಬಹುದು. ಯಾರ್ಕ್‌ಷೈರ್‌ನ ವಿಟ್‌ಬಿ ಕಡೆಯ ಹವ್ಯಾಸಿಗಳು ತಮ್ಮ ಕಡೆಯ ಡ್ಯಾಕ್ಟಿಲಿಯೊಸೆರಾಸ್ ಅಮ್ಮೊನೈಟ್‌ಗಳನ್ನು ಚಾರ್ಮತ್‌ನ ಅಮ್ಮೊನೈಟ್‌ಗಳಿಗೆ ಸಂತೋಷದಿಂದ ಬದಲಾಯಿಸುತ್ತಾರೆ, ಆದರೆ ಅವರು ಮೊದಲು ಕೇಳುವುದು ಚೀಟಿಯನ್ನು. ಎಲ್ಲಿಯದೆಂದು ಗೊತ್ತಿಲ್ಲದ ಸುಂದರ ಅಮ್ಮೊನೈಟ್‌ಗಿಂತ ಊರು, ಪದರ, ದಿನಾಂಕ ಬರೆದಿರುವ ಮುಕ್ಕಾದ ಅಮ್ಮೊನೈಟ್‌ಗೆ ವಿನಿಮಯದಲ್ಲಿ ಹೆಚ್ಚು ಬೆಲೆಯಿದೆ. ಹವ್ಯಾಸಿಗಳ ನಡುವಿನ ಈ ಕೊಡುಕೊಳ್ಳುವಿಕೆಯಲ್ಲಿ ಇದಕ್ಕಿಂತ ಗಟ್ಟಿಯಾದ ನಾಣ್ಯವಿಲ್ಲ.

ಎಲ್ಲ ಕಡೆಯೂ ಹೀಗಿಲ್ಲ. ಕರಾವಳಿಯ ಇನ್ನೊಂದು ಊರಿನ ಅಂಗಡಿಯೊಂದರಲ್ಲಿ ಜುರಾಸಿಕ್ ಕರಾವಳಿಯ ಫಲಕದ ಕೆಳಗೆ, ನಡುವೆ ಕೊಯ್ದು ಹೊಳಪು ಕೊಟ್ಟ ಅಮ್ಮೊನೈಟ್‌ಗಳ ಬುಟ್ಟಿಯೇ ಇತ್ತು. ಅವು ಮಡಗಾಸ್ಕರ್‌ನ ಕ್ಲಿಯೊನಿಸೆರಾಸ್‌ಗಳು. ಅವುಗಳ ಕಾಲ ಜುರಾಸಿಕ್ ಕೂಡ ಅಲ್ಲ, ಅದರ ನಂತರದ ಕ್ರಿಟೇಶಿಯಸ್. ಮಡಗಾಸ್ಕರ್‌ನ ಅಮ್ಮೊನೈಟ್ ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ, ಅದರ ಕೋಣೆಗಳಲ್ಲಿ ತುಂಬಿದ ಕ್ಯಾಲ್ಸೈಟ್ ಖನಿಜ ನಿಜಕ್ಕೂ ಮನಮೋಹಕ. ಆದರೆ ಡಾರ್ಸೆಟ್‌ನ ನೆನಪಿಗೆಂದು ಅದನ್ನು ಮನೆಗೆ ಒಯ್ಯುವ ಮಗುವಿಗೆ ನಿಜ ತಿಳಿಯಬೇಕಾದ್ದು ನ್ಯಾಯ. ಮೂಲ ಎಲ್ಲಿಯದೆಂದು ಕೇಳಿದಾಗ ಮಾರುವವರು ತಡವರಿಸಿದರೆ ಅಲ್ಲಿಂದ ಹೊರಡುವುದೇ ಲೇಸು.

ಮೊರೊಕ್ಕೊದಿಂದ ಬರುವ ಮಾದರಿಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಲ್ಲಿನ ಎರ್ಫೂದ್ ಸುತ್ತಮುತ್ತ ನಿಜವಾದ, ಅತ್ಯುತ್ತಮವಾಗಿ ಸ್ವಚ್ಛಗೊಳಿಸಿದ ಟ್ರೈಲೊಬೈಟ್‌ಗಳೂ (ಅಳಿದುಹೋದ ಕಡಲ ಸಂಧಿಪದಿಗಳು) ತಯಾರಾಗುತ್ತವೆ, ರಾಳದಲ್ಲಿ ಎರಕ ಹೊಯ್ದು ಕಪ್ಪು ಬಣ್ಣ ಬಳಿದವೂ ತಯಾರಾಗುತ್ತವೆ. ಭೂತಗನ್ನಡಿಯಲ್ಲಿ ನೋಡಿದಾಗ ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಗಾಳಿಗುಳ್ಳೆಯ ಗುಳಿಗಳು ಕಂಡರೆ, ಪ್ರಾಣಿಯ ಸುತ್ತ ಕಲ್ಲಿನ ಬಣ್ಣ ಬದಲಾಗಿದ್ದರೆ, ಅಥವಾ ಒಂದೇ ಕಪಾಟಿನಲ್ಲಿ ತದ್ವತ್ ಒಂದೇ ಭಂಗಿಯ ಎರಡು ಮಾದರಿಗಳಿದ್ದರೆ ಅವು ಎರಕವೆಂದೇ ತಿಳಿಯಬೇಕು. ಮೊಸಾಸಾರ್ ಎಂಬ ಕಡಲ ಸರೀಸೃಪದ ದವಡೆಯೆಂದು ಮಾರುವ ಅನೇಕ ತುಂಡುಗಳಲ್ಲಿ ಹಲ್ಲುಗಳು ಮಾತ್ರ ನಿಜವಾದವು, ಅವನ್ನು ಅಂಟು ಕಲೆಸಿದ ಮರಳಿನಲ್ಲಿ ಕೂರಿಸಿರುತ್ತಾರೆ.

ಕಾನೂನಿನ ಪ್ರಶ್ನೆಯೂ ಇದೆ. ಬ್ರೆಜಿಲ್‌ನಲ್ಲಿ 1942ರಿಂದಲೇ ಪಳೆಯುಳಿಕೆಗಳು ಸರ್ಕಾರದ ಆಸ್ತಿ. ಅಲ್ಲಿಂದ ಜರ್ಮನಿಯ ವಸ್ತುಸಂಗ್ರಹಾಲಯವೊಂದಕ್ಕೆ ಹೋಗಿದ್ದ ಉಬಿರಜಾರಾ ಎಂಬ ಡೈನೋಸಾರ್‌ನ ಪಳೆಯುಳಿಕೆ ದೊಡ್ಡ ವಿವಾದದ ನಂತರ 2023ರಲ್ಲಿ ಬ್ರೆಜಿಲ್‌ಗೆ ಮರಳಿತು. ಮಂಗೋಲಿಯ ಮತ್ತು ಚೀನಾಗಳಲ್ಲೂ ಕಟ್ಟುನಿಟ್ಟಿನ ನಿರ್ಬಂಧಗಳಿವೆ. ಈ ದೇಶಗಳ ಮಾದರಿಯನ್ನು ಯಾರಾದರೂ ಅಗ್ಗದಲ್ಲಿ ಕೊಡಲು ಮುಂದಾದರೆ ಹವ್ಯಾಸಿಯು ಕೈ ಕಟ್ಟಿಕೊಳ್ಳಬೇಕು. ಡಾರ್ಸೆಟ್‌ನ ದಡದಲ್ಲಿ ಆಯ್ದ, ಚೀಟಿಯಿರುವ ಮಾದರಿಗೆ ಇಂಥ ಆತಂಕ ಇಲ್ಲದಿರುವುದು ಅದರ ದೊಡ್ಡ ಗುಣ.

ಕನ್ನಡದ ಓದುಗರಿಗೆ ಅಮ್ಮೊನೈಟ್ ಪೂರ್ತಿ ಅಪರಿಚಿತವಲ್ಲ. ನಮ್ಮ ಅನೇಕ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮಗಳು ನೇಪಾಳದ ಗಂಡಕಿ ನದಿಯಿಂದ ಬಂದವು. ಅವುಗಳೊಳಗೆ ಚಕ್ರವಾಗಿ ಕಾಣುವುದು ಜುರಾಸಿಕ್ ಕಾಲದ ಕೊನೆಯ ಭಾಗದ ಅಮ್ಮೊನೈಟ್‌ನ ಸುರುಳಿ, ಚಾರ್ಮತ್‌ನವುಗಳಿಗಿಂತ ಕೋಟ್ಯಂತರ ವರ್ಷ ಚಿಕ್ಕದು. ಕರ್ನಾಟಕದ ಬಹುಭಾಗದ ಕಲ್ಲು ಇದಕ್ಕಿಂತ ಎಷ್ಟೋ ಪಟ್ಟು ಹಳೆಯ ಗ್ರಾನೈಟ್ ಮತ್ತು ನೈಸ್ ಆದ್ದರಿಂದ ನಮ್ಮ ಬೆಟ್ಟಗಳಲ್ಲಿ ಅಮ್ಮೊನೈಟ್ ಹುಡುಕಿ ಫಲವಿಲ್ಲ. ಹತ್ತಿರದಲ್ಲಿ ನೋಡಬೇಕೆಂದರೆ ತಮಿಳುನಾಡಿನ ಅರಿಯಲೂರು ಸುತ್ತಲಿನ ಕ್ರಿಟೇಶಿಯಸ್ ಪದರಗಳ ಕಡೆಗೆ ಹೋಗಬೇಕು.

ಚಾರ್ಮತ್‌ನಿಂದ ಪೈರೈಟ್ ಅಮ್ಮೊನೈಟ್ ತಂದು ಊರಿಗೆ ಒಯ್ಯುವವರು ಒಂದು ವಿಷಯವನ್ನು ಮರೆಯಬಾರದು. ಗಾಳಿಯ ತೇವ ತಗುಲಿದರೆ ಪೈರೈಟ್ ಆಮ್ಲಜನಕದೊಂದಿಗೆ ಕೂಡಿ ಕಬ್ಬಿಣದ ಸಲ್ಫೇಟ್ ಮತ್ತು ಗಂಧಕಾಮ್ಲವಾಗಿ ಮಾರ್ಪಡುತ್ತದೆ; ಬಂಗಾರದಂತಿದ್ದ ಸುರುಳಿಯ ಮೇಲೆ ಬಿಳಿ ಹುಡಿ ಕಾಣಿಸಿಕೊಂಡು, ಬಿರುಕು ಬಿಟ್ಟು, ಕೊನೆಗೆ ಅದರ ಚೀಟಿಯನ್ನೂ ಸುಟ್ಟುಹಾಕುತ್ತದೆ. ಮಂಗಳೂರು, ಕಾರವಾರ, ಮಲೆನಾಡಿನ ಮಳೆಗಾಲ ಈ ಕೆಲಸವನ್ನು ಬಹಳ ಬೇಗ ಮಾಡಿಬಿಡುತ್ತದೆ. ತಂದ ಕೂಡಲೇ ಸಿಹಿನೀರಿನಲ್ಲಿ ನೆನೆಹಾಕಿ, ನೀರು ಬದಲಾಯಿಸುತ್ತ ಉಪ್ಪನ್ನು ಬಿಡಿಸಿ, ಸಂಪೂರ್ಣ ಒಣಗಿಸಿ, ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಬೇಕು. ಜೆಲ್ ಬಣ್ಣ ಬದಲಾಯಿಸಿದಾಗ ಅದನ್ನು ಬಿಸಿ ಮಾಡಿ ಮತ್ತೆ ಬಳಸಬಹುದು. ಕ್ಯಾಲ್ಸೈಟ್ ಅಮ್ಮೊನೈಟ್‌ಗಳಿಗೆ ಈ ಕಾಟವಿಲ್ಲ, ಆದ್ದರಿಂದ ಊರಿನಲ್ಲಿರುವವರಿಗೆ ಉಡುಗೊರೆ ಕೊಡುವುದಾದರೆ ಅವೇ ಸೂಕ್ತ.

ನಡಿಗೆಗೆ ಯಾವ ಕಾಲ ಒಳ್ಳೆಯದೆಂದರೆ, ಬಿರುಗಾಳಿಯ ನಂತರದ ಚಳಿಗಾಲ. ಬೇಸಿಗೆಯಲ್ಲಿ ಹೊಸ ಕುಸಿತ ಕಡಿಮೆ, ಹುಡುಕುವ ಜನ ಹೆಚ್ಚು. ಆದರೆ ಚಿಕ್ಕ ಮಕ್ಕಳಿರುವ ಕುಟುಂಬಕ್ಕೆ ಚಳಿಗಾಲದ ಗಾಳಿ ತಡೆಯಲಾಗದಷ್ಟು ಕೊರೆಯುತ್ತದೆ. ಅವರಿಗೆ ಏಪ್ರಿಲ್ ಸರಿಯಾದ ತಿಂಗಳು. ನೀರು ಹೋಗದ ಬೂಟು, ಹಳೆಯ ಪತ್ರಿಕೆಗಳು, ಮುಚ್ಚಳವಿರುವ ಸಣ್ಣ ಡಬ್ಬಿಗಳು, ಪೆನ್ಸಿಲ್ಲು, ಕಾಗದದ ಚೀಟಿಗಳು ಚೀಲದಲ್ಲಿರಲಿ.

ದೊಡ್ಡ ಅಮ್ಮೊನೈಟ್ ಸಿಕ್ಕೇ ಸಿಗಬೇಕೆಂಬ ನಿರೀಕ್ಷೆಯಿಂದ ಬರುವವರಿಗೆ ಈ ನಡಿಗೆ ಹೊಂದುವುದಿಲ್ಲ, ಏಕೆಂದರೆ ಇಲ್ಲಿ ಸಾಮಾನ್ಯವಾಗಿ ಸಿಗುವುದು ಬೆರಳುಗುರಿನಿಂದ ಹೆಬ್ಬೆರಳಿನಷ್ಟು ಗಾತ್ರದವು. ಅಂಥವರು ಲೈಮ್ ರೀಜಿಸ್‌ನ ಬಂದರಿನ ಪಶ್ಚಿಮಕ್ಕಿರುವ ಮಾನ್‌ಮತ್ ದಡಕ್ಕೆ ಇಳಿತದ ವೇಳೆಯಲ್ಲಿ ಹೋಗಬೇಕು. ಅಲ್ಲಿ ಸುಣ್ಣಕಲ್ಲಿನ ಹಾಸಿನ ತುಂಬ ಅರ್ಧ ಮೀಟರಿಗೂ ಮೀರಿದ ಅಗಲದ ಅಮ್ಮೊನೈಟ್‌ಗಳು ಒಂದರ ಪಕ್ಕ ಒಂದು ಮಲಗಿವೆ. ಅವನ್ನು ಕೀಳಬಾರದು, ಸುತ್ತಿಗೆ ತಾಗಿಸಬಾರದು. ಶುಲ್ಕವಿಲ್ಲದೆ, ಮುಂಗಡ ಕಾಯ್ದಿರಿಸುವ ಗೊಡವೆಯಿಲ್ಲದೆ ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಉಬ್ಬರ ತಿರುಗುವ ವೇಳೆಯನ್ನು ಮೊದಲೇ ತಿಳಿದುಕೊಂಡು ಹೋದರೆ ಸಾಕು.